ಎರಡು ದಿನದ ಮರಿಯ ಹೃದಯ

ಮಂಡ್ಯ
೧೨ ಫೆಬ್ರವರಿ ೨೦೨೫

ಅಪ್ಪನಿಗೆ, ಮಗಳು ವನಜಾಳ ನಮಸ್ಕಾರ.

ಫೋನ್ ಮಾಡಿದರೆ ನೀನು ಎತ್ತುತ್ತಿಲ್ಲ. ಕಾಗದವನ್ನಾದರೂ ಓದುತ್ತೀಯ ಅಂದುಕೊಂಡು ಬರೆಯುತ್ತಿದ್ದೇನೆ. ಕ್ಷಮೆ ಕೇಳುವುದಕ್ಕಲ್ಲ.

ಆ ಬೆಳಿಗ್ಗೆ ನಾಯಿ ಕಚ್ಚಿದ ಕುರಿಮರಿಯನ್ನು ನನ್ನ ಮಡಿಲಿಗೆ ಹಾಕಿ, ಮಳವಳ್ಳಿಯಿಂದ ಡಾಕ್ಟರನ್ನು ಕರೆತರಲು ನೀನು ಬೈಕ್ ಹತ್ತಿದೆ. ಹುಟ್ಟಿ ಎರಡೇ ದಿನವಾಗಿದ್ದ ಮರಿ. ಕತ್ತಿನ ಗಾಯವನ್ನು ದುಪಟ್ಟಾದಿಂದ ಒತ್ತಿ ಹಿಡಿದು ಕೂತಿದ್ದೆ. ನೀನು ಕೆರೆ ಏರಿ ದಾಟುವಷ್ಟರಲ್ಲಿ ಅದರ ಉಸಿರು ನಿಂತಿತು. ಆಮೇಲೆಯೇ ನಾನು ಚೂರಿ ತೆಗೆದದ್ದು. ಹೃದಯವನ್ನು ತಣ್ಣನೆಯ ದ್ರಾವಣವಿದ್ದ ಫ್ಲಾಸ್ಕಿಗೆ ಹಾಕಿ ಮುಚ್ಚಳ ತಿರುಗಿಸುತ್ತಿರುವಾಗ ನೀನು ಡಾಕ್ಟರ ಜೊತೆ ಬಂದು ನಿಂತೆ. "ಬದುಕ್ತದೆ ಅಂತ ನಾ ಓಡೋದ್ರೆ, ನೀ ಚೂರಿ ಇಡ್ಕಂಡು ಕಾಯ್ತಿದ್ಯೇನಮ್ಮಿ? ಇನ್ಮೇಲೆ ಈ ಅಂಗಳ ತುಳೀಬ್ಯಾಡ" ಅಂದೆ.

ಕಾಯುತ್ತಿರಲಿಲ್ಲ ಅಪ್ಪ. ಮಾಂಸದ ಅಂಗಡಿಯಿಂದ ದೊಡ್ಡ ಕುರಿಯ ಹೃದಯ ಕೊಂಡೊಯ್ಯಲೆಂದು ಚೂರಿ, ಫ್ಲಾಸ್ಕು ಎರಡನ್ನೂ ತಂದಿದ್ದೆ. ಆದರೆ ಮರಿ ಸತ್ತ ಮೇಲೆ ನಾನು ಹಿಂದೆಮುಂದೆ ನೋಡಲಿಲ್ಲ, ಅದು ನಿಜ.

ಮೆಡಿಕಲ್ ಕಾಲೇಜಿನ ಲ್ಯಾಬಿನಲ್ಲಿ ಆ ಹೃದಯದ ಸ್ನಾಯುವಿನಿಂದ ನೂಲಿನಂಥ ಎಳೆಯೊಂದನ್ನು ಬಿಡಿಸಿ, ಬೆಚ್ಚಗಿನ ಉಪ್ಪುನೀರಿನಲ್ಲಿ ಕೊಕ್ಕೆಗೆ ಕಟ್ಟಿ, ಸಣ್ಣಗೆ ಕರೆಂಟು ಕೊಟ್ಟೆ. ಅದು ಕುಗ್ಗಿತು, ಸಡಿಲಾಯಿತು, ಮತ್ತೆ ಕುಗ್ಗಿತು. ನನಗೆ ಅಳು ಬಂತು. ಜೊತೆಗೆ ಓದುವ ಸೌಮ್ಯ ನೋಡಿಯೂ ನೋಡದವಳ ಹಾಗೆ ಇದ್ದಳು.

ದೊಡ್ಡ ಕುರಿಯ ಎಳೆ ಬಿಗಿಯಾಗಿ ಕುಗ್ಗುತ್ತದೆ. ಸ್ನಾಯು ಕುಗ್ಗಲು ಬೇಕಾದ ಕ್ಯಾಲ್ಸಿಯಂ ಅನ್ನು ನೀರಿನಲ್ಲಿ ಕಡಿಮೆ ಮಾಡಿದರೂ ತನ್ನೊಳಗೆ ಕೂಡಿಟ್ಟುಕೊಂಡಿದ್ದರಲ್ಲಿ ಸ್ವಲ್ಪ ಹೊತ್ತು ತಡೆಯುತ್ತದೆ. ಮರಿಯದು ಮೆಲ್ಲಗೆ ಕುಗ್ಗುತ್ತಿತ್ತು. ಕ್ಯಾಲ್ಸಿಯಂ ಇಳಿಸಿದ ಕೂಡಲೇ ಸೋತುಹೋಯಿತು. ಮರಿಯ ಹೃದಯ ಬರೀ ಗಾತ್ರದಲ್ಲಿ ಚಿಕ್ಕದಲ್ಲ, ಅದು ಕೆಲಸ ಮಾಡುವ ರೀತಿಯೇ ಬೇರೆ. ದೊಡ್ಡದರ ಔಷಧವನ್ನೇ ಕಾಲುಭಾಗ ಮಾಡಿ ಕೊಟ್ಟರೆ ಸಾಕು ಅನ್ನುವವರಿಗೆ ಇದನ್ನು ತೋರಿಸಬೇಕು. ಈ ರೀತಿ ಯಾವ ವಯಸ್ಸಿಗೆ ಬದಲಾಗುತ್ತದೆ ಎಂದು ತಿಳಿಯಲು ವಾರದ ಮರಿಯ, ತಿಂಗಳ ಮರಿಯ ಹೃದಯವೂ ಬೇಕು.

ಆದ್ದರಿಂದ ಈಗಲೇ ಹೇಳಿಬಿಡುತ್ತೇನೆ. ಜೀವ ಇರುವ ಮರಿಯನ್ನು ಬದುಕಿಸಲು ನಿನ್ನಷ್ಟೇ ಒದ್ದಾಡುತ್ತೇನೆ. ಕೈಮೀರಿ ಸತ್ತರೆ ಮತ್ತೆ ಚೂರಿ ತೆಗೆಯುತ್ತೇನೆ. ಭಾನುವಾರ ಊರಿಗೆ ಬರುತ್ತೇನೆ. ನೀನು ಬಾಗಿಲಲ್ಲೇ ನಿಂತಿದ್ದರೂ ಅಂಗಳ ತುಳಿದೇ ಒಳಗೆ ಬರುತ್ತೇನೆ.

ನಿನ್ನ ಹಟವನ್ನೇ ಪಡೆದು ಹುಟ್ಟಿದ,
ವನಜಾ

ಒಂದು ಮಾತು ಬಿಟ್ಟಿದ್ದೆ: ನಾನು ಕುಯ್ಯುವಾಗ ಮರಿಯ ಕಾಲು ಹಿಡಿದುಕೊಂಡವಳು ಅವ್ವ. ನಿನ್ನ ಬೈಕಿನ ಸದ್ದು ಕೇಳಿ ಕೈ ತೊಳೆಯಲು ಹಿತ್ತಲಿಗೆ ಹೋದಳು. ಅದನ್ನು ಮುಚ್ಚಿಡೋಣ ಅಂತಲೇ ಇದ್ದೆ. ನಿನ್ನೆ ಅವಳೇ ಫೋನ್ ಮಾಡಿ, "ಅದ್ನೂ ಬರಿಯಮ್ಮಿ. ಅಂಗಳ ಬುಟ್ಟು ಓಗಿ ಅಂದ್ರೆ ಇಬ್ರೂವೆ ಓಯ್ತೀವಿ ಅನ್ನು" ಅಂದಳು.