ತೆರೆಯದ ಬಾಗಿಲು

ಮಾರ್ಚ್ ೧೨

ಅಮ್ಮಾ,

ಹೆರಿಗೆಯಾಗಿ ಮೂರು ವಾರವಾಯಿತು. ಹೆಣ್ಣುಮಗು, ಚೆನ್ನಾಗಿ ಹಾಲು ಕುಡಿಯುತ್ತದೆ. ಅಪ್ಪನಿಗೆ ಹೇಳುವುದು ಬಿಡುವುದು ನಿನಗೆ ಸೇರಿದ್ದು.

ಬಾಣಂತಿಯರನ್ನು ನೋಡಲು ಮನೆಮನೆಗೆ ಬರುವ ನರ್ಸಿಗೆ ನಾನು ಈವರೆಗೆ ಬಾಗಿಲು ತೆಗೆದಿಲ್ಲ. ಗಂಡ ಜೊತೆಗಿಲ್ಲದವಳ ಮಗುವನ್ನು ಎತ್ತಿಕೊಂಡು ಹೋಗುತ್ತಾರೆಂದು ಕೆಳಗಿನ ಮನೆಯಾಕೆ ಹೆದರಿಸಿದ್ದಳು. ಇವತ್ತು ನಾನು ಉಸಿರು ಬಿಗಿಹಿಡಿದು ಕೂತಿದ್ದಾಗ ಮಗು ಅತ್ತುಬಿಟ್ಟಿತು.

“ಗುಟ್ಟು ರಟ್ಟಾಯ್ತಲ್ಲ ತಾಯಿ,” ಎಂದು ನರ್ಸು ಆಚೆಯಿಂದ ನಕ್ಕರು. “ಬಾಗಿಲು ತೆಗೀಬೇಡ ಬಿಡು. ನೀನು ಊಟ ಮಾಡಿದ್ಯಾ, ಅಷ್ಟು ಹೇಳು.”

ಇಲ್ಲ ಎಂದೆ. ತಮ್ಮ ಊಟದ ಡಬ್ಬಿಯನ್ನು ಹೊಸ್ತಿಲಲ್ಲಿಟ್ಟು ಮೆಟ್ಟಿಲಿಳಿದು ಹೋದರು.

ಮೆತ್ತನೆಯ ಹಳೇ ಬಟ್ಟೆಯಿದ್ದರೆ ಕಳಿಸು. ಡಬ್ಬಿ ತೊಳೆದಿಟ್ಟಿದ್ದೇನೆ. ಸೋಮವಾರ ಅವರು ಬಂದಾಗ ಬಾಗಿಲು ತೆಗೆದು, ಅದನ್ನು ಅವರ ಕೈಗೇ ಕೊಡಬೇಕೆಂದು ತೀರ್ಮಾನಿಸಿದ್ದೇನೆ.

ನಿನ್ನ ಮಗಳು