ಮಾರ್ಗರೆಟ್ ರಾಣಿಯ ಸವತಿ

ನಿಶಿ ಕಸಾಯಿ, ಟೋಕಿಯೊ
೧೮ ಸೆಪ್ಟೆಂಬರ್ ೨೦೨೫, ಗುರುವಾರ

ಮುದ್ದು ಜಾಹ್ನವಿ,

ಚಿಕ್ಕಮ್ಮನ ಆಶೀರ್ವಾದಗಳು. ಹೇಗಿದ್ದೀಯ ಮಗಳೇ? ಲಂಡನ್ನಿನಲ್ಲಿ ಆಗಲೇ ಚಳಿ ಶುರುವಾಗಿರಬೇಕು. ಚಳಿ ಬಿತ್ತೆಂದರೆ ನಿನಗೆ ಗಂಟಲು ಕಟ್ಟುತ್ತದೆ, ಕಟ್ಟಿದರೂ ಐಸ್‌ಕ್ರೀಮ್ ಬಿಡುವವಳಲ್ಲ ನೀನು. ಮೆಣಸಿನ ಸಾರಿನ ಪುಡಿ ಮಾಡಿ ಡಬ್ಬಿಗೆ ತುಂಬಿದ್ದೇನೆ, ಈ ಪತ್ರದ ಜೊತೆಗೇ ಬರುತ್ತದೆ. ಬಿಸಿನೀರಿಗೆ ಹಾಕಿ ಕುದಿಸಿದರೆ ಸಾಕು, ಅಷ್ಟಕ್ಕೂ ಸೋಮಾರಿತನ ಮಾಡಬೇಡ. ನಾನು ಚೆನ್ನಾಗಿದ್ದೇನೆ ಎಂದೇ ಬರೆಯಬೇಕು, ಪತ್ರವೆಂದರೆ ಹಾಗೆ ತಾನೇ? ಮಂಡಿನೋವು ಇದೆ. ಸೆಪ್ಟೆಂಬರ್ ಅರ್ಧ ಕಳೆದರೂ ಇಲ್ಲಿ ಸೆಕೆ ಇಳಿದಿಲ್ಲ. ಒಬ್ಬಳಿಗೆ ಅಡುಗೆ ಮಾಡುವುದು ಇನ್ನೂ ಕೈಗೆ ಬಂದಿಲ್ಲ, ಹುಳಿ ಮಾಡಿದರೆ ಮೂರು ದಿನ ಅದನ್ನೇ ತಿನ್ನಬೇಕು. ಎದುರುಮನೆಯ ಶಾಲಿನಿ ಬಂದು ಅರ್ಧ ಒಯ್ಯುತ್ತಾಳೆ. ನನ್ನ ಮೇಲಿನ ಕನಿಕರಕ್ಕೋ ಹುಳಿಯ ರುಚಿಗೋ, ಕೇಳಿಲ್ಲ.

ನಿನ್ನ ಮೆಸೇಜು ಬಂದು ವಾರವಾಯಿತು. “ಚಿಕ್ಕಮ್ಮ, ಮನೆ ವೆಕೇಟ್ ಮಾಡೋಕ್ ಮುಂಚೆ ಅಮ್ಮನ ಥಿಂಗ್ಸ್ ಎಲ್ಲಾ ಕಳಿಸ್ಬಿಡಿ ಪ್ಲೀಸ್. ನಿಮ್ಮ ಕತ್ತಲ್ಲಿರೋ ಅಮ್ಮನ ಚಿನ್ನ ಕೂಡ. ಇಷ್ಟು ವರ್ಷ ಹಾಕ್ಕೊಂಡಿದ್ದು ಸಾಕು.” ನಿಂತುಕೊಂಡೇ ಓದಿದೆ, ಓದಿ ಕುಳಿತೆ. ಸುಳ್ಳೇಕೆ, ಮೊದಲು ಸಿಟ್ಟು ಬಂತು. ಆಮೇಲೆ ಅಳು ಬಂತು. ಒಂಬತ್ತು ವರ್ಷದ ಹುಡುಗಿಯಾಗಿದ್ದಾಗಿನಿಂದ ಇದನ್ನು ಹೊಟ್ಟೆಯಲ್ಲಿಟ್ಟುಕೊಂಡು ನನ್ನ ಕೈತುತ್ತು ತಿಂದೆಯಾ ಕೂಸೇ? ಫೋನಿನಲ್ಲಿ ಉತ್ತರ ಕುಟ್ಟಲು ನನ್ನ ಹೆಬ್ಬೆರಳಿಗೆ ಬರುವುದಿಲ್ಲ. ನಿನಗೆ ಕನ್ನಡದ ಅಕ್ಷರ ತಿದ್ದಿಸಿದವಳು ನಾನೇ, ಆದ್ದರಿಂದ ಕೈಬರಹದಲ್ಲೇ ಬರೆಯುತ್ತೇನೆ. ಪೂರ್ತಿ ಓದು. ಅಪ್ಪ ಹೋದಮೇಲೆ ನಾನು ನಿನಗೆ ಏನಾಗಬೇಕು ಎನ್ನುವುದೇ ನನ್ನ ಈಗಿನ ಭಯ. ಗಂಡನ ವೀಸಾದ ಬಾಲ ಹಿಡಿದು ಬಂದವಳು ನಾನು, ಆ ಬಾಲ ಕಡಿದುಹೋಯಿತು, ಮುಂದಿನ ತಿಂಗಳ ಕೊನೆಗೆ ಮೈಸೂರಿನ ಅಣ್ಣನ ಮನೆಗೆ ಹೊರಡುತ್ತೇನೆ. ಅದಕ್ಕೆ ದುಃಖವಿಲ್ಲ. ಅಪ್ಪನ ಕಾಗದಪತ್ರಕ್ಕೆಂದು ಹೋದಾಗ ವಾರ್ಡ್ ಆಫೀಸಿನ ಗುಮಾಸ್ತ ತಲೆಬಾಗಿ, ಮಕ್ಕಳಿದ್ದಾರೆಯೇ ಎಂದು ಕೇಳಿದ. ಒಬ್ಬಳು ಮಗಳು ಎಂದೆ. ಹೊರಗೆ ಬಂದಮೇಲೆ, ಹಾಗೆ ಹೇಳಬಹುದಿತ್ತೋ ಇಲ್ಲವೋ ಎಂದು ಅನುಮಾನ ಶುರುವಾಯಿತು. ಹದಿನೆಂಟು ವರ್ಷದಲ್ಲಿ ಆ ಅನುಮಾನ ಬಂದದ್ದು ಅದೇ ಮೊದಲು.

ಮೇ ತಿಂಗಳಿನಲ್ಲಿ ಅಪ್ಪನನ್ನು ಕಳಿಸಿಕೊಟ್ಟ ಆ ದಿನದ ಬಗ್ಗೆ ನಾನು ನಿನಗೆ ಸರಿಯಾಗಿ ಹೇಳೇ ಇಲ್ಲ. ಟಿಕೆಟ್ ಸಿಗಲಿಲ್ಲ ಎಂದು ನೀನು ಹೇಳಿದೆ, ನಾನು ನಂಬಿದೆ, ನಂಬದಿರಲು ನನಗೆ ಇಷ್ಟವಿರಲಿಲ್ಲ. ಇಲ್ಲಿಯ ಚಿತಾಗಾರದಲ್ಲಿ ಎಲ್ಲವನ್ನೂ ಬೂದಿ ಮಾಡುವುದಿಲ್ಲ. ಮೂಳೆಗಳನ್ನು ಹಾಗೇ ಉಳಿಸಿ, ತಟ್ಟೆಯಲ್ಲಿ ತಂದು ಮುಂದಿಡುತ್ತಾರೆ. ಮನೆಯವರು ಇಬ್ಬಿಬ್ಬರಾಗಿ ನಿಂತು, ಒಂದೇ ಮೂಳೆಯನ್ನು ಇಬ್ಬರೂ ಕಡ್ಡಿಗಳಿಂದ ಹಿಡಿದು, ಕಾಲಿನಿಂದ ಶುರುಮಾಡಿ ತಲೆಯವರೆಗೆ ಮಡಕೆಗೆ ತುಂಬಬೇಕು. ಬಿಳಿ ಕೈಗವಸಿನ ಮನುಷ್ಯ ಬಲು ಮೆಲ್ಲಗೆ ತೋರಿಸಿಕೊಟ್ಟ. ನನ್ನ ಎದುರು ಅಪ್ಪನ ಆಫೀಸಿನ ಮುಕುಂದ ನಿಂತಿದ್ದ. ಇಷ್ಟು ವರ್ಷ ಈ ದೇಶದಲ್ಲಿದ್ದು, ಕಡ್ಡಿಯಲ್ಲಿ ನೂಡಲ್ಸ್ ತಿನ್ನಲೂ ನಾಚುತ್ತಿದ್ದವಳು ನಾನು, ಆ ದಿನ ಒಂದು ಚೂರನ್ನೂ ಜಾರಿಸಲಿಲ್ಲ. ಮುಕುಂದನೇ ಕಡ್ಡಿ ಕೆಳಗಿಟ್ಟು, “ಅತ್ತಿಗೆ, ನಂಗಾಗಲ್ಲ” ಎಂದು ಅತ್ತುಬಿಟ್ಟ. ಎದುರಿಗೆ ನೀನಿರಬೇಕಿತ್ತು ಅನ್ನಿಸಿತು. ಇದು ದೂರಲ್ಲ ಮಗಳೇ. ಆ ಗಳಿಗೆಯಲ್ಲಿ ನನ್ನ ಮನಸ್ಸಿಗೆ ಬಂದದ್ದು ನೀನೊಬ್ಬಳೇ, ಅದಕ್ಕೆ ಬರೆದೆ. ಆಮೇಲೆ ಅಸ್ಥಿಯನ್ನು ಮುಕುಂದನೇ ಹರಿಹರಕ್ಕೆ ಒಯ್ದು ತುಂಗಭದ್ರೆಯಲ್ಲಿ ಬಿಟ್ಟುಬಂದ.

ನಿನಗೆ ಗೊತ್ತಿಲ್ಲದ ಇನ್ನೊಂದು ಸಂಗತಿ ಇದೆ. ಹೋದ ವರ್ಷ ನೀನು ಅಪ್ಪನಿಗೆ ನಿನ್ನ ಲೇಖನ ಕಳಿಸಿದ್ದೆಯಲ್ಲ, ಏಳುನೂರು ವರ್ಷದ ಹಿಂದಿನ ಇಂಗ್ಲೆಂಡಿನ ಮಾರ್ಗರೆಟ್ ರಾಣಿಯದು? ಅಪ್ಪ ಓದಲೇ ಇಲ್ಲ ಎಂದು ನೀನು ತಿಳಿದಿದ್ದೀಯ. ಓದಲಿಲ್ಲ ನಿಜ, ಆದರೆ ಕೇಳಿಸಿಕೊಂಡರು. ಇಲ್ಲಿ ಟೊಯೊಸುವಿನಲ್ಲಿದ್ದ ಒಳ್ಳೆಯ ಕೆಲಸ ಬಿಟ್ಟು ನೀನು ಲಂಡನ್ನಿಗೆ ಇತಿಹಾಸ ಓದಲು ಹೊರಟ ದಿನ ನಿಮ್ಮಿಬ್ಬರ ನಡುವೆ ಆದ ಮಾತು ನನ್ನ ಕಿವಿಯಲ್ಲಿ ಇನ್ನೂ ಇದೆ. “ಸತ್ತಿರೋ ರಾಣಿ ಹಿಂದೆ ಹೋಗೋಳಿಗೆ ಬದುಕಿರೋ ಅಪ್ಪ ಬೇಡ್ವಾ?” ಎಂದು ಅವರು. “ನೀವು ಅಮ್ಮನ್ನ ಮರ್ತ್ರಿ, ನಾನು ಸತ್ತೋರ್ನ ಮರೆಯಲ್ಲ” ಎಂದು ನೀನು. ಇಬ್ಬರದೂ ಒಂದೇ ಮೂಗು, ಒಂದೇ ಹಟ. ಆಮೇಲೆ ಮೂರು ವರ್ಷ ಮಾತಿಲ್ಲ. ನಾನು ಭಾನುವಾರ ಮಧ್ಯಾಹ್ನ ಊಟವಾದಮೇಲೆ ನಿನ್ನ ಲೇಖನವನ್ನು ಕನ್ನಡದಲ್ಲಿ ಹೇಳುತ್ತಾ ಕೂರುತ್ತಿದ್ದೆ, ಕಷ್ಟದ ಪದಕ್ಕೆ ಫೋನು ನೋಡಿಕೊಂಡು. ಅವರು ಟಿವಿಯ ಕಡೆಗೆ ಮುಖ ಮಾಡಿಕೊಂಡು, ಧ್ವನಿ ಮಾತ್ರ ಕಡಿಮೆ ಮಾಡುತ್ತಿದ್ದರು. ಮುದಿ ಎಡ್ವರ್ಡ್ ರಾಜನಿಗೂ ಅವನ ಮಗನಿಗೂ ಜಗಳವಾದಾಗ ಈ ಚಿಕ್ಕ ರಾಣಿ ನಡುವೆ ನಿಂತು ಸರಿಮಾಡಿದಳು ಎಂದು ಬರೆದಿದ್ದೀಯಲ್ಲ, ಅಲ್ಲಿಗೆ ಬಂದಾಗ ತಡೆಯಲಾರದೆ ಕೇಳಿದರು, “ಇಳೀತಾ ಅವ್ನ ಕೋಪ?” ಇಳಿಯಿತು ಎಂದೆ. ಟಿವಿ ಆರಿಸಿ, “ಇವ್ಳಿಗೂ ಒಂದು ಫೋನ್ ಮಾಡ್ಬೇಕು ಕಣೆ, ಮುಂದಿನ್ ವಾರ” ಎಂದರು. ಆ ವಾರದಲ್ಲೇ ತೋಝಾಯ್ ಮೆಟ್ರೋ ಲೈನಿನ ಪ್ಲಾಟ್‌ಫಾರ್ಮಿನಲ್ಲಿ ಕುಸಿದುಬಿದ್ದರು. ಅವರಿಗೆ ನಿನ್ನ ಮೇಲೆ ಕೋಪ ಉಳಿದಿರಲಿಲ್ಲ. ಇದನ್ನು ನಾನು ಸಮಾಧಾನಕ್ಕೆ ಕಟ್ಟಿ ಹೇಳುತ್ತಿಲ್ಲ, ನಿನ್ನಾಣೆ.

ಈಗ ನಿನ್ನ ರಾಣಿಯ ವಿಷಯಕ್ಕೆ ಬರುತ್ತೇನೆ. ನಾನೇನು ಇತಿಹಾಸ ಓದಿದವಳಲ್ಲ, ವಾರಕ್ಕೊಂದು ದಿನ ಇಲ್ಲಿಯ ಕನ್ನಡದವರ ಮಕ್ಕಳಿಗೆ ಅಆಇಈ ಹೇಳಿಕೊಡುವವಳು. ಆದರೂ ನಿನ್ನ ಜೊತೆ ಜಗಳವಾಡಬೇಕು. ಫ್ರಾನ್ಸಿನ ಅರಮನೆಯ ಇಪ್ಪತ್ತರ ಹುಡುಗಿಯನ್ನು ಅರವತ್ತರ ರಾಜನಿಗೆ ಎರಡನೆಯ ಹೆಂಡತಿಯಾಗಿ ಕೊಟ್ಟರು. ಮೊದಲನೆಯವಳು ಎಲಿನಾರ್, ಸತ್ತು ಒಂಬತ್ತು ವರ್ಷ ಆಗಿತ್ತು. ಅವಳ ಹೆಣ ಹೊತ್ತು ತರುವಾಗ ದಾರಿಯಲ್ಲಿ ಇಳಿಸಿದ ಊರೂರಲ್ಲೂ ರಾಜ ಕಲ್ಲಿನ ಶಿಲುಬೆ ನಿಲ್ಲಿಸಿದ್ದ. ಮಾರ್ಗರೆಟ್ ಯಾವ ದಾರಿ ಹಿಡಿದು ಹೋದರೂ ಸವತಿಯ ಶಿಲುಬೆ ಎದುರಾಗುತ್ತಿತ್ತು. ಇವಳಿಗೆ ಕಿರೀಟಧಾರಣೆಯೂ ಆಗಲಿಲ್ಲ. ಇಷ್ಟೆಲ್ಲ ಆದಮೇಲೆ ಅವಳಿಗೊಂದು ಹೆಣ್ಣುಮಗು ಹುಟ್ಟಿತು, ಅದಕ್ಕೆ ಎಲಿನಾರ್ ಎಂದು ಹೆಸರಿಟ್ಟರು. ಅದು ರಾಜನನ್ನು ಮೆಚ್ಚಿಸಲು, ರಾಣಿ ತನ್ನನ್ನು ತಾನೇ ಅಳಿಸಿಕೊಂಡ ಗುರುತು ಎಂದು ನೀನು ಬರೆದಿದ್ದೀಯ. ಇರಬಹುದು. ಆದರೆ ನೀನು ಯಾರ ಎರಡನೆಯ ಹೆಂಡತಿಯೂ ಆಗಿಲ್ಲ, ಆಗುವುದೂ ಬೇಡ. ತಾನು ನೋಡೇ ಇರದ ಒಬ್ಬಳ ಗಂಡನ ಜೊತೆ, ಅವಳ ಮಕ್ಕಳ ನಡುವೆ ಬದುಕುವವಳಿಗೆ ಆ ಹೆಂಗಸಿನ ಮೇಲೆ ಹೊಟ್ಟೆಕಿಚ್ಚು ಮಾತ್ರ ಹುಟ್ಟುತ್ತದೆ ಎಂದುಕೊಂಡಿದ್ದೀಯಾ? ಒಂದು ತರಹದ ಸಲಿಗೆಯೂ ಹುಟ್ಟುತ್ತದೆ. ಗಂಡನ ಮೇಲೆ ಸಿಟ್ಟು ಬಂದಾಗ ಹೇಳಿಕೊಳ್ಳಲು ಅವಳಿಗಿಂತ ತಿಳಿದವರು ಯಾರಿದ್ದಾರೆ? ಆ ರಾಣಿ ದಿನಕ್ಕೆ ಎಷ್ಟು ಸಲ ಎಲಿನಾರ್ ಎಂದು ಆ ಕೂಸನ್ನು ಕರೆದಿರಬೇಕು. ಆ ಕೂಸೂ ಉಳಿಯಲಿಲ್ಲವಂತೆ. ಅದನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ.

ಈಗ ನಿನ್ನ ಚಿನ್ನದ ಮಾತು. ನನ್ನ ಮಾಂಗಲ್ಯದ ಪಕ್ಕದಲ್ಲಿ ಹುಣಸೆಬೀಜದಷ್ಟು ದೊಡ್ಡ ಒಂದು ಬಿಲ್ಲೆ ಇತ್ತಲ್ಲ, ಎರಡು ಪಾದ ಕೊರೆದದ್ದು, ಅದು ನಿನ್ನ ಅಮ್ಮ ತೊಟ್ಟ ಒಡವೆಯಲ್ಲ. ಅವಳು ಅದನ್ನು ಕಣ್ಣಲ್ಲೂ ನೋಡಿಲ್ಲ. ಅದಕ್ಕೆ ಸವತಿ ತಾಳಿ ಎನ್ನುತ್ತಾರೆ. ನಿನ್ನ ಅಪ್ಪನ ಕಡೆಯವರಲ್ಲಿ ಮೊದಲ ಹೆಂಡತಿ ಸತ್ತು ಎರಡನೆಯವಳನ್ನು ತಂದರೆ, ಸತ್ತವಳ ಹೆಸರಿನಲ್ಲಿ ಹೊಸದಾಗಿ ಅದನ್ನು ಮಾಡಿಸಿ, ಬಂದವಳ ಕೊರಳಿಗೆ ಕಟ್ಟುತ್ತಾರೆ. ಮದುವೆಯ ದಿನ ನಿನ್ನ ಅಜ್ಜಿ ಕಟ್ಟಿ, “ಇವ್ಳು ನಿನ್ ಅಕ್ಕ ಲೀಲಾವತಿ ಕಣಮ್ಮ. ಇವ್ಳಿಗ್ ಕೊಡ್ದೆ ನೀನೇನೂ ತಗೋಬಾರ್ದು” ಎಂದರು. ಅಂದಿನಿಂದ ಹೊಸ ಸೀರೆ ಬಂದರೆ ಮೊದಲು ಅವಳಿಗೆ ಮುಟ್ಟಿಸಿ ಆಮೇಲೆ ಉಟ್ಟೆ. ಬೆಳಗ್ಗೆ ಅರಿಶಿನ ಕುಂಕುಮ ಮೊದಲು ಅವಳಿಗೆ, ಆಮೇಲೆ ನನ್ನ ಹಣೆಗೆ. ನೀನು ದೊಡ್ಡವಳಾದಾಗ, ನಿನಗೆ ಜ್ವರ ಬಂದಾಗ, ಜಪಾನಿ ಸ್ಕೂಲಿನಲ್ಲಿ ಯಾರೂ ನಿನ್ನ ಜೊತೆ ಸೇರುವುದಿಲ್ಲವೆಂದು ನೀನು ಬಾತ್‌ರೂಮಿನಲ್ಲಿ ಕೂತು ಅತ್ತಾಗ, ಆ ಬಿಲ್ಲೆ ಹಿಡಿದುಕೊಂಡು ಅಕ್ಕಾ, ನಿನ್ನ ಮಗಳು ಹೀಗೆ ಮಾಡುತ್ತಿದ್ದಾಳೆ, ಏನು ಮಾಡಲಿ ಹೇಳು ಎಂದು ಕೇಳಿದ್ದೇನೆ. ಅಪ್ಪ ಅಮ್ಮನನ್ನು ಮರೆತರು ಎಂದೆಯಲ್ಲ, ಮರೆಯುವುದು ಹೇಗೆ, ನನ್ನ ಮುಖ ನೋಡಿದಾಗಲೆಲ್ಲ ಅವಳೂ ಕಾಣುತ್ತಿದ್ದಳು. ನೀನು ಆಗ ಮಗು. ನಿನ್ನ ಅಮ್ಮನ ಬಳೆ ಸರ ಎಲ್ಲ ಬ್ಯಾಂಕಿನಲ್ಲಿಟ್ಟರು, ಹೊಸಬಳೊಬ್ಬಳು ಚಿನ್ನ ತೊಟ್ಟು ಬಂದಳು, ಅದು ಅಮ್ಮನದೇ ಎಂದು ನೀನೇ ಕೂಡಿಸಿಕೊಂಡೆ. ಅಷ್ಟು ಸಣ್ಣ ಮಗುವಿಗೆ ಸವತಿ ತಾಳಿ ಎಂದರೇನೆಂದು ಯಾರು ತಾನೇ ಬಿಡಿಸಿ ಹೇಳುತ್ತಾರೆ?

ಅಪ್ಪ ಹೋದ ಹತ್ತನೆಯ ದಿನ ಮಾಂಗಲ್ಯ ತೆಗೆಯುವ ಶಾಸ್ತ್ರಕ್ಕೆ ನಿನ್ನ ಸೋದರತ್ತೆ ವಸುಧಾ ದಾವಣಗೆರೆಯಿಂದ ವಿಡಿಯೋ ಕಾಲಿನಲ್ಲಿ ಕೂತು ಹೀಗೆ ಮಾಡು ಹಾಗೆ ಮಾಡು ಎಂದು ಹೇಳಿದಳು. ನಡುವೆ ನೆಟ್‌ವರ್ಕ್ ಹೋಯಿತು, ಅವಳು ಬಾಯಿ ತೆರೆದುಕೊಂಡೇ ನಿಂತುಬಿಟ್ಟಳು. ಅಂಥ ಹೊತ್ತಿನಲ್ಲೂ ನನಗೆ ನಗು ಬಂತು, ಶಾಲಿನಿ ಗಾಬರಿಯಾದಳು. ಸವತಿ ತಾಳಿಯನ್ನೂ ಅಸ್ಥಿಯ ಜೊತೆ ಹೊಳೆಗೆ ಬಿಟ್ಟುಬಿಡು, ಇನ್ನದಕ್ಕೆ ಅರ್ಥವಿಲ್ಲ ಎಂದಳು ವಸುಧಾ. ಮಾಂಗಲ್ಯ ತೆಗೆದೆ. ಸವತಿ ತಾಳಿಯನ್ನು ಬೇರೆ ದಾರಕ್ಕೆ ಕಟ್ಟಿ ಮತ್ತೆ ಹಾಕಿಕೊಂಡೆ. ಗಂಡನಿಲ್ಲದಮೇಲೆ ಸವತಿ ಎಲ್ಲಿಂದ ಎಂದು ಯಾರು ಬೇಕಾದರೂ ಕೇಳಲಿ. ರಾಜ ಸತ್ತಮೇಲೆ ಮಾರ್ಗರೆಟ್ ಮತ್ತೆ ಮದುವೆಯಾಗಲಿಲ್ಲ ಎಂದು ಬರೆದಿದ್ದೀಯ. ಯಾರಿಗಾಗಿ ನಡುವೆ ನಿಂತಿದ್ದಳೋ ಆ ಮಲಮಗನೇ ರಾಜನಾಗಿ ಅವಳದೊಂದು ಕೋಟೆಯನ್ನು ತನ್ನ ಗೆಳೆಯನಿಗೆ ಕೊಟ್ಟ. ನಲವತ್ತೂ ತುಂಬದೆ ಸತ್ತಳು, ಗೋರಿಯನ್ನೂ ಮುಂದೆ ಯಾರೋ ಒಡೆದುಹಾಕಿದರು. ಆ ಜಾಗದಲ್ಲಿ ಈಗ ಗುಲಾಬಿ ತೋಟವಿದೆ, ಆಫೀಸಿನವರು ಬಂದು ಊಟದ ಡಬ್ಬಿ ಬಿಚ್ಚುತ್ತಾರೆ ಎಂದು ನೀನೇ ಫೋಟೋ ಕಳಿಸಿದ್ದೆ. ಅವಳಿಂದ ಏನೂ ಉಳಿಯಲಿಲ್ಲ ಎಂದು ಲೇಖನ ಮುಗಿಸಿದ್ದೀಯ. ಅವಳ ಮಾತಿನಿಂದ ಕ್ಷಮೆ ಪಡೆದು ಎಷ್ಟೋ ಜನ ಶಿಕ್ಷೆ ತಪ್ಪಿಸಿಕೊಂಡರು ಎಂದು ನೀನೇ ಬರೆದಿಲ್ಲವೇ? ಅವರು ಮನೆಗೆ ಹೋಗಿ ಮಕ್ಕಳನ್ನು ಎತ್ತಿಕೊಂಡಿರುತ್ತಾರಲ್ಲ, ಅದು ಉಳಿದದ್ದಲ್ಲವೇ? ಕಲ್ಲು ನಿಲ್ಲಿಸಿದರೆ ಮಾತ್ರ ಉಳಿದಂತೆ ಎಂದು ಬರೆಯಬೇಡ ಮಗಳೇ. ಆ ಕೊನೆಯ ಪ್ಯಾರಾವನ್ನು ಇನ್ನೊಮ್ಮೆ ನೋಡು.

ನಿನ್ನ ಅಮ್ಮನದೆಲ್ಲ ಕಟ್ಟಿದ್ದೇನೆ. ಅವಳ ಎರಡು ರೇಷ್ಮೆ ಸೀರೆ, ಬೆಳ್ಳಿಯ ಕುಂಕುಮದ ಭರಣಿ, ನೀನು ಅವಳ ಮಡಿಲಲ್ಲಿರುವ ಫೋಟೋ. ಬಳೆ ಸರ ಊರಿನ ಬ್ಯಾಂಕಿನಲ್ಲೇ ಇವೆ, ಅವೂ ನಿನ್ನವೇ. ಸವತಿ ತಾಳಿಯನ್ನೂ ಒಂದು ಚೀಲದಲ್ಲಿ ಹಾಕಿದ್ದೇನೆ. ಅದು ಅವಳ ಒಡವೆಯಲ್ಲದಿದ್ದರೂ ಅವಳ ಹೆಸರಿನದು, ನೀನು ಕೇಳಿದಮೇಲೆ ಇಲ್ಲ ಎನ್ನಲು ನನಗೇನು ಹಕ್ಕಿದೆ? ಮಧ್ಯಾಹ್ನ ಅಂಚೆ ಕಚೇರಿಗೆ ಹೋಗುತ್ತೇನೆ. ಆರೋಗ್ಯ ನೋಡಿಕೋ, ತಲೆಗೆ ಎಣ್ಣೆ ಹಚ್ಚಿಕೋ, ಹೊತ್ತಿಗೆ ಸರಿಯಾಗಿ ತಿನ್ನು. ನಿನ್ನ ಓದು ನಿನ್ನ ಕೈ ಹಿಡಿಯಲಿ, ನಿನಗೆ ಒಳ್ಳೆಯದಾಗಲಿ. ನನ್ನ ಆಯಸ್ಸಿನಲ್ಲಿ ಉಳಿದದ್ದನ್ನೂ ದೇವರು ನಿನಗೇ ಸೇರಿಸಲಿ.

ನಿನ್ನ
ವೇದವಲ್ಲಿ ಚಿಕ್ಕಮ್ಮ

ಮರೆತ ಮಾತು: ಅಂಚೆ ಕಚೇರಿಯ ಬೆಂಚಿನ ಮೇಲೆ ಕೂತು ಗೀಚುತ್ತಿದ್ದೇನೆ, ನನ್ನ ಹಿಂದೆ ಸಾಲಿದೆ. ಒಳಗೆ ಏನೇನಿದೆ ಎಂದು ಕೌಂಟರಿನ ಹುಡುಗಿ ಕೇಳಿದಳು. ಸೀರೆ ಎಂದೆ, ಭರಣಿ ಎಂದೆ, ಸಾರಿನ ಪುಡಿ ಎಂದೆ. ಆ ಚೀಲ ತೋರಿಸಿ, ಇದು? ಎಂದಳು. ಒಡವೆ ಎನ್ನಲು ನನಗೆ ಬಾಯಿ ಬರಲಿಲ್ಲ. ಸುಮಿಮಾಸೆನ್, ಕ್ಷಮಿಸಿ ಎಂದು ಅದನ್ನು ತೆಗೆದುಕೊಂಡು ಕೊರಳಿಗೆ ಹಾಕಿಕೊಂಡೆ. ಉಳಿದದ್ದು ಬರುತ್ತದೆ, ಅಕ್ಕ ಬರುವುದಿಲ್ಲ. ಅವಳನ್ನು ಡಬ್ಬಿಯಲ್ಲಿಟ್ಟು ಅಂಚೆಗೆ ಹಾಕಲಾರೆ. ನಾನು ಮನೆ ಬಿಡುವುದರೊಳಗೆ ನೀನೇ ಬಾ, ನಿನ್ನ ಕೈಗೆ ಕೊಡುತ್ತೇನೆ. ಆಮೇಲೂ ನಾನು ನಿನಗೆ ಯಾರೂ ಅಲ್ಲ ಅನ್ನಿಸಿದರೆ, ಹಾಗೆಂದು ಅಕ್ಕನ ಮತ್ತು ನನ್ನ ಎದುರಿಗೇ ಹೇಳಿ ಹೋಗು.