ಮ್ಯಾಚ್ ದಿನದ ನೀರು

ಆಗಸ್ಟ್ 4, ಭಾನುವಾರ. ಬೆಳಿಗ್ಗೆ 5.10

ಚಹಾ ಆಯಿತು. ಬ್ಯಾಗು ನೋಡಿದೆ — ಎರಡು ಚೆಂಡು, ಪಂಪು, ಟೇಪು, ಐಸ್ ಸ್ಪ್ರೇ. ಸೀಟಿ ಕೊರಳಲ್ಲೇ ಇದೆ. "ವಾರೆಲ್ಲಾ ಸಾಲ್ಯಾಗ ಪಿ.ಟಿ. ಮಾಸ್ತರಿಕಿ, ಭಾನುವಾರ ಈ ಕೋಚಿಂಗು. ಸೀಟಿ ಹಾಕ್ಕೊಂಡs ಮಲಗ್ತೀರಿ" ಎಂದಳು ಹೆಂಡತಿ ಶುಭಾ, ಕಣ್ಣು ಬಿಡದೆಯೇ. ಅಷ್ಟು ಹೇಳಿ ಮತ್ತೆ ಮಗ್ಗುಲಾದಳು.

ಇಂದು ರಗ್ಬಿ ಲೀಗಿನ ಮೊದಲ ಸುತ್ತು. ತಿಂಗಳಿಗೊಂದು ಭಾನುವಾರ, ಒಟ್ಟು ನಾಲ್ಕು ಸುತ್ತು. ಏಳು ಜನರ ಆಟ, ಏಳೇಳು ನಿಮಿಷದ ಎರಡು ಹಾಫ್, ದಿನಕ್ಕೆ ಮೂರು ಮ್ಯಾಚ್. ಹದಿನೆಂಟರೊಳಗಿನ ನಮ್ಮ ತಾರ್ನಾಕದ ಹುಡುಗರಿಗೆ ಹೋದ ವರ್ಷ ಕೊನೆಯ ಸ್ಥಾನ. ಈ ಸಲ ಹೊಸ ಹುಡುಗ ಗುರುಬಸವ ಇದ್ದಾನೆ. ನೋಡೋಣ.

ಸಂಜೆ 7.00

ಎರಡು ಗೆಲುವು, ಒಂದು ಸೋಲು. ಹೋದ ವರ್ಷದ ಮಟ್ಟಿಗೆ ಹಬ್ಬ.

ಆಟಕ್ಕೆ ಮುಂಚೆ ರೆಫರಿ ಸಾಲು ನಿಲ್ಲಿಸಿ ಉಗುರು, ಬೂಟು, ಕೊರಳು ಎಲ್ಲ ನೋಡಿದ. ಗುರುಬಸವನ ಕೊರಳಲ್ಲಿ ಶಿವದಾರ, ಬೆಳ್ಳಿ ಕರಡಿಗೆಯಲ್ಲಿ ಇಷ್ಟಲಿಂಗ. "ಸಖ್ತ್ ಚೀಜ್ ಕುಚ್ ಭೀ ನಹೀ ಚಲೇಗಾ" ಎಂದ ರೆಫರಿ, ಮೈಮೇಲೆ ಗಟ್ಟಿ ವಸ್ತು ಏನೂ ಇರಬಾರದಂತೆ. ಅವನದು ತಪ್ಪಲ್ಲ, ಟ್ಯಾಕಲ್ ಬಿದ್ದರೆ ಎದೆಮೂಳೆಗೇ ಪೆಟ್ಟು. ಹುಡುಗನ ಅಜ್ಜಿ ಬಸಲಿಂಗಮ್ಮನವರೂ ಬಂದಿದ್ದರು, ದಿಲ್‌ಸುಖ್‌ನಗರದಿಂದ, ಮೆಟ್ರೋ ಹತ್ತಿ. ನಾನು ಹುಮನಾಬಾದಿನವನು ಎಂದು ತಿಳಿದು ಹಿಗ್ಗಿದರು. "ನಮ್ಮವರs ಅಂದ ಮ್ಯಾಲೆ ನಿಮಗೇನು ಬಿಡಿಸಿ ಹೇಳೋದು ಬ್ಯಾಡ್ರಿ ಸರ" ಎಂದು, ಆಮೇಲೆ ಬಿಡಿಸಿಯೇ ಹೇಳತೊಡಗಿದರು. ಅದೇ ಹೊತ್ತಿಗೆ ಫೋನ್ ಬಂತು — ನಮ್ಮ ಮ್ಯಾಚ್ ಎರಡನೇ ಗ್ರೌಂಡಿಗೆ ಬದಲಾಗಿದೆಯಂತೆ. ಒಂದು ಕಿವಿ ಅಲ್ಲಿ, ಒಂದು ಕಿವಿ ಇಲ್ಲಿ. "ಆಗಲ್ರಿ ಅವ್ವ, ನಾ ನೋಡ್ಕೊಂತೀನಿ" ಎಂದೆ. ಕೈ ಮುಗಿದು ಹೊರಟರು.

ಲಿಂಗವನ್ನು ಒಗೆದ ಕರವಸ್ತ್ರದಲ್ಲಿ ಸುತ್ತಿ ಸ್ಕೂಟರಿನ ಡಿಕ್ಕಿಯಲ್ಲಿಟ್ಟು ಬೀಗ ಹಾಕಿದೆ. ಕೀ ನನ್ನ ಜೇಬಿನಲ್ಲಿ. ಟೆಂಟಿನಡಿ ನಲವತ್ತು ಬ್ಯಾಗು ಬಿದ್ದಿರುತ್ತವೆ, ಯಾರ ಕೈ ಎಲ್ಲಿ ಹೋಗುತ್ತದೋ. ಸಂಜೆ ಮರಳಿ ಕೊಟ್ಟೆ. ಜವಾಬ್ದಾರಿ ಎಂದರೆ ಹೀಗಿರಬೇಕು.

ಮೊದಲ ಮ್ಯಾಚಿನಲ್ಲಿ ಗುರುಬಸವ ಒಬ್ಬನೇ ಎರಡು ಸಲ ಗೆರೆಯಾಚೆ ಚೆಂಡು ಊರಿ ಟ್ರೈ ಹೊಡೆದ, ಸಲಕ್ಕೆ ಐದು ಅಂಕ. ಮೂರನೆಯದರಲ್ಲಿ ಪಾರ್ಕಿಗೆ ಬಂದ ಪಿಂಚಣಿದಾರರ ಹಾಗೆ ನಡೆದಾಡಿದ. ಬೈದೆ.

ಆಗಸ್ಟ್ 20, ಮಂಗಳವಾರ

ಪ್ರಾಕ್ಟೀಸ್. ಟ್ಯಾಕಲ್ ಇಲ್ಲ, ಬರೀ ಮುಟ್ಟುವಾಟ. ಆದ್ದರಿಂದ ಲಿಂಗ ಬನಿಯನ್ನಿನೊಳಗೇ ಇರಲಿ ಎಂದಿದ್ದೇನೆ. ಒಂದೂವರೆ ತಾಸು ಓಡಿದ ಗುರುಬಸವ, ಏದುಸಿರು ಕೂಡ ಇಲ್ಲ. ಹೀಗಿದ್ದವನು ಮ್ಯಾಚಿನಲ್ಲಿ ಯಾಕೆ ಸೋಲುತ್ತಾನೆ? ಜನ ನೋಡಿದರೆ ಕಾಲು ನಡುಗುತ್ತದೆಯೋ ಏನೋ. ಅಂಥ ಹುಡುಗರನ್ನು ಬೇಕಾದಷ್ಟು ನೋಡಿದ್ದೇನೆ.

ಸೆಪ್ಟೆಂಬರ್ 1, ಭಾನುವಾರ. ಸಂಜೆ

ಒಂದು ಗೆಲುವು, ಎರಡು ಸೋಲು. 17–5, 7–12, 0–24.

ಮತ್ತದೇ ಕಥೆ. ಬೆಳಿಗ್ಗೆ ಬೆಂಕಿ, ಮಧ್ಯಾಹ್ನ ಬೂದಿ. ಮೂರನೇ ಮ್ಯಾಚಿನಲ್ಲಿ ಕೈಗೆ ಬಂದ ಚೆಂಡನ್ನು ಎರಡು ಸಲ ಬಿಟ್ಟ. ಎಲ್ಲರೆದುರು ಕೂಗಾಡಿದೆ. "ಪ್ರಾಕ್ಟೀಸಿನಾಗ ಹಾರ್ಯಾಡ್ತಿ, ಇಲ್ಲಿ ಏನಾಗೇತಿ ನಿನಗ? ಅಂಜುಬುರುಕ ಅದಿ ನೀನು." ಅವನ ತುಟಿ ಒಣಗಿತ್ತು, ಬಿಳಿಚಿತ್ತು. "ಹೌದ್ರಿ ಸರ" ಎಂದ. ಅಷ್ಟೇ. ವಾದ ಮಾಡಿದ್ದರೆ ನನ್ನ ಸಿಟ್ಟಾದರೂ ಇಳಿಯುತ್ತಿತ್ತು.

ಕ್ಯಾಪ್ಟನ್ ಗಗನ — ಬೆಂಗಳೂರಿನಿಂದ ಬಂದ ಚಂದ್ರಹಾಸರ ಮಗ — ಏನೋ ಹೇಳಲು ಬಂದ. "ನೀ ಸುಮ್ನಿರು" ಎಂದೆ.

ಸೆಪ್ಟೆಂಬರ್ 17, ಮಂಗಳವಾರ

ಗುರುಬಸವನಿಗೆ ಸ್ಟ್ಯಾಮಿನಾ ಸಾಲದು ಎಂದು ಗ್ರೌಂಡ್ ಸುತ್ತ ಹತ್ತು ರೌಂಡ್ ಜಾಸ್ತಿ ಓಡಿಸಿದೆ. ಓಡಿದ. ಬಾಟಲಿಯಲ್ಲಿದ್ದ ನೀರನ್ನೆಲ್ಲ ಗಟಗಟ ಕುಡಿದು, "ಇನ್ನ ಐದು ಓಡ್ಲೇನ್ರಿ ಸರ?" ಎಂದ. ಇವನ ಲೆಕ್ಕ ನನಗೆ ಹತ್ತಲೇ ಇಲ್ಲ.

ಅಕ್ಟೋಬರ್ 6, ಭಾನುವಾರ. ಬೆಳಿಗ್ಗೆ 4.45

ಮೂರನೇ ಸುತ್ತು, ಶಂಶಾಬಾದಿನಲ್ಲಿ, ಏರ್‌ಪೋರ್ಟ್ ಕಡೆ. ದೂರ. ಈ ವಾರ ಬಿಸಿಲು ಏಪ್ರಿಲ್‌ನಂತಿದೆ. ಐಸ್ ಹೆಚ್ಚು ಒಯ್ಯಬೇಕು. ಗುರುಬಸವನನ್ನು ಮೂರೂ ಮ್ಯಾಚ್ ಆಡಿಸುತ್ತೇನೆ. ಹೆದರಿಕೆ ಹೋಗುವುದು ಆಡಿದರೆ ಮಾತ್ರ.

ಅಕ್ಟೋಬರ್ 8, ಮಂಗಳವಾರ. ಬೆಳಿಗ್ಗೆ 6.00

ಎರಡು ದಿನ ಬರೆಯಲಾಗಲಿಲ್ಲ. ಇವತ್ತು ಬರೆದೇಬಿಡಬೇಕು.

ಮೂರನೇ ಮ್ಯಾಚ್, ಎರಡನೇ ಹಾಫ್. ಗುರುಬಸವ ಬಿದ್ದ. ಹತ್ತಿರ ಯಾರೂ ಇರಲಿಲ್ಲ, ಚೆಂಡೂ ಆ ಕಡೆ ಇತ್ತು. ಮೊದಲು ನಾಟಕ ಅಂದುಕೊಂಡೆ. ಹೌದು, ಹಾಗೇ ಅಂದುಕೊಂಡೆ, ಬರೆದಿಡುತ್ತೇನೆ. ಹೋಗಿ ನೋಡಿದರೆ ಮೀನಖಂಡ ಕಲ್ಲು, ಮೈ ಕಾದ ಹಂಚು, ಮಾತು ತೊದಲು. ತಲೆಯ ಮೇಲೆ ವಿಮಾನ ಇಳಿಯುತ್ತಿತ್ತು, ಅವನು ಅದನ್ನು ನೋಡಿ "ಅಜ್ಜಿ ಬಂದ್ಲು" ಎಂದ.

ಚಂದ್ರಹಾಸರ ಕಾರಿನಲ್ಲಿ ಹಾಕಿಕೊಂಡು ಓಡಿದೆವು. ಮೈಮೇಲೆಲ್ಲ ಐಸ್ ಇಟ್ಟೆ. ಹಿಂದಿನ ಸೀಟಿನಲ್ಲಿ ಗಗನ ಅಳುತ್ತ ಹೇಳಿದ, "ಸರ್, ಅವನು ಮ್ಯಾಚ್ ದಿನ ನೀರೇ ಕುಡಿಯಲ್ಲ. ಏನೂ ತಿನ್ನಲ್ಲ. ಅವನ ಬಾಟಲ್ ನನಗೆ ಕೊಟ್ಬಿಡ್ತಾನೆ. ಅವತ್ತೇ ಹೇಳಕ್ಕೆ ಬಂದೆ, ನೀವು ಸುಮ್ನಿರು ಅಂದ್ರಿ."

ಆಸ್ಪತ್ರೆ. ಸಲೈನ್ ಹಚ್ಚಿದರು. ಮೈಯಲ್ಲಿ ನೀರೇ ಉಳಿದಿಲ್ಲ, ಕಿಡ್ನಿ ಟೆಸ್ಟ್ ಮಾಡಬೇಕು ಎಂದರು ಡಾಕ್ಟರು. ನನ್ನ ಕೈ ಎಲ್ಲಿಡಬೇಕೋ ತಿಳಿಯದೆ ಸೀಟಿ ಹಿಡಿದುಕೊಂಡು ನಿಂತಿದ್ದೆ. ಒಂದು ತಾಸಿಗೆ ಹುಡುಗನಿಗೆ ಪೂರ್ತಿ ಎಚ್ಚರ ಬಂತು. ಅಷ್ಟರಲ್ಲಿ ಬಸಲಿಂಗಮ್ಮ, ಮಗ ಸೂಗಪ್ಪನ — ಹುಡುಗನ ಅಪ್ಪನ — ಜೊತೆ ಬಂದರು. ಸೂಗಪ್ಪ ಬಟ್ಟೆ ಅಂಗಡಿ ತೆರೆದೇ ಬಿಟ್ಟು ಬಂದಿದ್ದ, ಕೊರಳಲ್ಲಿ ಅಳತೆ ಟೇಪು ಹಾಗೇ ಇತ್ತು.

ನರ್ಸ್ ಓಆರ್‌ಎಸ್ ಲೋಟ ಹಿಡಿದಳು. ಹುಡುಗ ಮುಖ ತಿರುಗಿಸಿದ. ಬಸಲಿಂಗಮ್ಮ ಅವನ ಬೋಳು ಕೊರಳು ನೋಡಿದರು.

"ಲಿಂಗ ಎಲ್ಲೈತಿ?"

"ಸರ ಹತ್ರ ಐತಿ."

"ಇರ್ಲಿ, ಈಗ ಕುಡಿಯೋ ನನ್ನಪ್ಪ. ಜೀವ ಮೊದಲು."

"ನೀನs ಹೇಳಿದ್ದಿ, ಲಿಂಗ ಮೈಮ್ಯಾಲಿಲ್ದಾಗ ಹನಿ ನೀರೂ ಬ್ಯಾಡಂತ."

ಮುದುಕಿ ಲೋಟ ಹಿಡಿದು ಬೇಡಿಕೊಂಡರೂ ಹುಡುಗ ಬಾಯಿ ತೆರೆಯಲಿಲ್ಲ. ಅವರು ನನ್ನ ಕಡೆ ತಿರುಗಿದರು. ದನಿ ಏರಿಸಲಿಲ್ಲ. "ಸರ, ನಾ ಮೊದಲ ದಿನs ನಿಮಗ ಹೇಳಿದ್ನಲ್ರಿ. ಆಡೋ ಮುಂದ ತಗೀಲಿ. ಮ್ಯಾಚ್ ಮುಗಿದ ಕೂಡ್ಲೇ ಕೊಡ್ರಿ, ಹಾಕ್ಕೊಂಡು ಉಂಡು ಕುಡಿದು ಮಾಡ್ಲಿ, ಮತ್ತ ತಗೀಲಿ ಅಂತ. ನೀವು ಆಗಲ್ರಿ ಅಂದ್ರಿ."

ಅಂದಿದ್ದೆ. ಫೋನ್ ಕಿವಿಯಲ್ಲಿಟ್ಟುಕೊಂಡು ಅಂದಿದ್ದೆ. ಮೂರು ಸುತ್ತು, ಬೆಳಿಗ್ಗೆ ಆರರಿಂದ ಸಂಜೆವರೆಗೆ, ಹುಡುಗನ ನೀರಿನ ಕೀ ನನ್ನ ಜೇಬಿನಲ್ಲಿತ್ತು.

"ಕೇಳಬೇಕಿತ್ತಲ್ಲೋ ನನ್ನ" ಎಂದೆ ಗುರುಬಸವನಿಗೆ.

"ಅಜ್ಜಿ ಹೇಳ್ಯಾಳ, ಸರಗ ಗೊತ್ತೈತಿ ಅಂದ್ಕೊಂಡೆ. ಗೊತ್ತಿದ್ದೂ ಕೊಡ್ಲಿಲ್ಲಂದ್ರ... ಹಂಗs ಆಡೋದು ಕಲೀಲಿ ಅಂತ ಇರ್ಬೇಕು ಅನ್ಕೊಂಡೆ."

ಜೇಬಿನಿಂದ ಕೀ ತೆಗೆದೆ.

ಲಿಂಗ ಗ್ರೌಂಡಿನಲ್ಲಿ ನಿಂತಿದ್ದ ಸ್ಕೂಟರಿನಲ್ಲೇ ಉಳಿದಿತ್ತು. ಆಟೋ ಹಿಡಿದು ಹೋದೆ. ಡಿಕ್ಕಿ ತೆಗೆದರೆ ನಟ್ಟು ತಿರುಗಿಸುವ ಪಾನಾ, ರೇನ್‌ಕೋಟು, ಎಣ್ಣೆ ಒರೆಸುವ ಚಿಂದಿ, ಅದರ ಪಕ್ಕ ಕರವಸ್ತ್ರದ ಗಂಟು. ಬೀಗ ಹಾಕುವಾಗ ಇದಾವುದೂ ಕಣ್ಣಿಗೆ ಬಿದ್ದಿರಲಿಲ್ಲ. ಗಂಟನ್ನು ಅಂಗಿಯ ಜೇಬಿನಲ್ಲಿಟ್ಟು, ಒಂದು ಕೈ ಅದರ ಮೇಲಿಟ್ಟುಕೊಂಡು ಸ್ಕೂಟರ್ ಓಡಿಸಿದೆ.

"ಎಲ್ಲಿಟ್ಟಿದ್ರಿ?" ಎಂದರು ಬಸಲಿಂಗಮ್ಮ.

"ಡಿಕ್ಕಿಯಾಗ್ರಿ ಅವ್ವ."

"ಡಿಕ್ಕಿಯಾಗ? ಪಾನಾದ ಜೋಡಿ?"

ತಲೆ ತಗ್ಗಿಸಿದೆ. ಅವರು ಲಿಂಗ ಕಣ್ಣಿಗೊತ್ತಿಕೊಂಡು ಮೊಮ್ಮಗನ ಕೊರಳಿಗೆ ಹಾಕಿದರು, ಸೊಂಟದ ಚೀಲದಿಂದ ವಿಭೂತಿ ತೆಗೆದು ಹಣೆಗೆ ಹಚ್ಚಿದರು. ಹುಡುಗ ಲೋಟ ತೆಗೆದುಕೊಂಡ. ಗುಟುಕು ಗಂಟಲಲ್ಲಿ ಇಳಿಯುವುದು ಕಾಣಿಸಿತು. ಎರಡನೇ ಲೋಟ. ಮೂರನೆಯದು. ನಾನು ವರಾಂಡಕ್ಕೆ ಬಂದು ಅತ್ತೆ. ನಲವತ್ತನಾಲ್ಕು ವರ್ಷದ ಗಂಡಸು, ಸೀಟಿ ಹಾಕಿಕೊಂಡು.

ಅಕ್ಟೋಬರ್ 9, ಬುಧವಾರ

ರಿಪೋರ್ಟ್ ಬಂದಿಲ್ಲ. ಶಾಲೆಯಲ್ಲಿ ಪ್ರತಿ ಪೀರಿಯಡ್ಡಿಗೂ ಮಕ್ಕಳನ್ನು ನಳದ ಹತ್ತಿರ ಕಳಿಸಿದೆ. ಹೆಡ್‌ಮೇಡಂ ಕೇಳಿದರು, ಏನಾಗಿದೆ ನಿಮಗೆ ಎಂದು.

ಅಕ್ಟೋಬರ್ 11, ಶುಕ್ರವಾರ. ಸಂಜೆ 6.30

ರಿಪೋರ್ಟ್ ನಾರ್ಮಲ್. ಕಿಡ್ನಿಗೆ ಏನೂ ಆಗಿಲ್ಲ. ಸೂಗಪ್ಪನ ಫೋನ್ ಇಟ್ಟು ಅಡಿಗೆಮನೆಗೆ ಹೋಗಿ ಶುಭಾಗೆ ಹೇಳಿದೆ. ಎದೆಯ ಮೇಲಿಂದ ಚೀಲ ಇಳಿಸಿದ ಹಾಗಾಯಿತು. ಅವಳು ಹೊಸ ಚಹಾ ಇಟ್ಟಳು.

ಅವರ ಮನೆಗೆ ಹೋಗಿ ಕ್ಷಮೆ ಕೇಳಿ ಬಂದೆ. ಮನೆ ಅಂಗಡಿಯ ಮೇಲೆಯೇ. ಸೂಗಪ್ಪ ನೇರವಾಗಿ ಹೇಳಿದ, "ಸಾಕ್ರಿ ಸರ ಈ ಆಟ. ಓದ್ಲಿ ಸುಮ್ನ." ತಪ್ಪೇನಿದೆ? ಅವನ ಜಾಗದಲ್ಲಿದ್ದರೆ ನಾನು ಒಳಗೇ ಬಿಡುತ್ತಿರಲಿಲ್ಲ. ಗುರುಬಸವ ಬಾಗಿಲಲ್ಲಿ ನಿಂತು ಅಜ್ಜಿಯನ್ನೇ ನೋಡುತ್ತಿದ್ದ.

ಬಸಲಿಂಗಮ್ಮ ರೊಟ್ಟಿ ತಟ್ಟುವುದು ನಿಲ್ಲಿಸಲಿಲ್ಲ. "ಆಡ್ಲಿ ಬಿಡೋ. ಲಿಂಗ ನಾ ಹಿಡ್ಕೊಂಡು ಕುಂದರ್ತೀನಿ. ನನಗೇನು ಮತ್ತ ಕೆಲಸೈತಿ ಭಾನುವಾರ?" ಎಂದರು. ಆಮೇಲೆ ನನಗೆ, "ನೀವು ಕುರ್ಚಿ ಒಂದು ನೆಳ್ಳಾಗ ಹಾಕಿಸ್ರಿ. ಇಷ್ಟು ನೆನಪಿಟ್ರ ಸಾಕು."

ಬರೆದುಕೊಂಡೆ. ಅವರ ಎದುರಿಗೇ, ಪೆನ್ನು ತೆಗೆದು.

ಅಕ್ಟೋಬರ್ 29, ಮಂಗಳವಾರ

ಡಾಕ್ಟರು ಆಡಬಹುದು ಎಂದು ಬರೆದುಕೊಟ್ಟರು. ಪ್ರಾಕ್ಟೀಸಿನಲ್ಲಿ ಹುಡುಗರು ಸ್ಟಾಪ್‌ವಾಚ್ ಹಿಡಿದು ತಾಲೀಮು ಮಾಡಿದರು — ಗುರುಬಸವ ಓಡಿಬಂದು ಕೈ ತೊಳೆದು, ಲಿಂಗ ಹಾಕಿಕೊಂಡು, ನೀರು ಕುಡಿದು, ತೆಗೆದುಕೊಟ್ಟು ಮರಳುವುದಕ್ಕೆ ಎಷ್ಟು ಹೊತ್ತು? ಐವತ್ತು ಸೆಕೆಂಡು. ಹಾಫ್‌ಟೈಮ್ ಎರಡು ನಿಮಿಷ. ಇಷ್ಟೇ ಇದ್ದದ್ದು.

ನವೆಂಬರ್ 10, ಭಾನುವಾರ. ಸಂಜೆ 7.15

ಕೊನೆಯ ಸುತ್ತು. ಮೊದಲೆರಡು ಗೆದ್ದೆವು. ಮೂರನೆಯದು ಗೆದ್ದರೆ ಈ ಸುತ್ತಿನ ಕಪ್.

ಕುರ್ಚಿ ಎಲ್ಲಕ್ಕಿಂತ ಮುಂಚೆ ಹಾಕಿಸಿದೆ. ಬಸಲಿಂಗಮ್ಮ ಇಳಕಲ್ ಸೀರೆ ಉಟ್ಟು ಬಂದು, ಬಿಳಿ ವಸ್ತ್ರದಲ್ಲಿ ಲಿಂಗ ಹಿಡಿದು, ಗೆರೆಯಾಚೆ ಕೂತರು. ಬೆಳಿಗ್ಗೆ ರೆಫರಿಗೆ ಎಲ್ಲ ತಿಳಿಸಿದ್ದೆ. ಪ್ರತಿ ಹಾಫ್‌ಟೈಮಿಗೂ ಹುಡುಗ ಓಡಿಬಂದ. ಕೆಸರು ಮೈ, ತೊಳೆದ ಕೈ. ಅಜ್ಜಿ ಹಾಕಿದರು, ಅವನು ಕುಡಿದ, ಅಜ್ಜಿ ತೆಗೆದುಕೊಂಡರು. ಎದುರು ತಂಡದ ಕೋಚ್ ಹಣಮಂತರಾಯ — ರಾಯಚೂರಿನವ, ಹಳೇ ಪರಿಚಯ — "ಛಲೋ ವ್ಯವಸ್ಥಾ ಮಾಡೀರಿ ಕಲ್ಲೇಶ" ಎಂದ. ನಂದಲ್ಲ ಎಂದೆ.

ಮೂರನೇ ಮ್ಯಾಚ್. ಕೊನೆಯ ನಿಮಿಷದಲ್ಲಿ 7–14. ಗುರುಬಸವ ಚೆಂಡು ಹಿಡಿದು ಅರ್ಧ ಮೈದಾನ ಓಡಿದ. ಮೂರನೇ ಮ್ಯಾಚಿನ ಕೊನೆಯಲ್ಲಿ ಈ ಹುಡುಗ ಓಡುವುದನ್ನು ನಾನು ನೋಡಿದ್ದು ಇದೇ ಮೊದಲು. ಟ್ರೈ. 12–14. ಕಿಕ್ ಕಂಬಗಳ ನಡುವೆ ಹೋದರೆ ಇನ್ನೆರಡು ಅಂಕ, ಸರಿಸಮ. ಅವನೇ ಹೊಡೆದ. ಕಂಬದ ಎಡಕ್ಕೆ ಹೋಯಿತು. ಸೋತೆವು.

ತಲೆ ತಗ್ಗಿಸಿ ಬಂದು ನನ್ನೆದುರು ನಿಂತ. ಬೈಗುಳಕ್ಕೆ ಕಾಯುತ್ತಿದ್ದ. ನಾನು ಬಾಯಿ ತೆರೆದೆ.

"ನೀರು ಕುಡದೀಯೇನು?"

ಗಗನ ಮೊದಲು ನಕ್ಕ, ಆಮೇಲೆ ಎಲ್ಲರೂ. ಗುರುಬಸವ ಅಜ್ಜಿಯ ಹತ್ತಿರ ಹೋಗಿ ಎರಡು ಬಾಟಲಿ ಖಾಲಿ ಮಾಡಿದ. ಸೋತು ಇಷ್ಟು ಹಗುರಾಗಿದ್ದು ನನ್ನ ಜನ್ಮದಲ್ಲಿ ಇಲ್ಲ. ಕಪ್ ಹೋಗಲಿ. ಹುಡುಗ ಇದ್ದಾನೆ.

ಹೊರಡುವಾಗ ಬಸಲಿಂಗಮ್ಮ ನನ್ನ ಮುಖ ನೋಡಿದರು. "ನೀವು ಮುಂಜಾನಿಂದ ಏನರ ಕುಡದೀರೇನ್ರಿ ಸರ?"

ಇಲ್ಲ. ನೆನಪೇ ಆಗಿರಲಿಲ್ಲ. ಅವರು ತಮ್ಮ ತಂಬಿಗೆಯನ್ನೇ ಕೊಟ್ಟರು. ಬಾಯಿಗೆ ಎತ್ತುವ ಮುಂಚೆ ಯಾಕೋ ಕೈ ತಾನಾಗಿ ಕೊರಳಿಗೆ ಹೋಯಿತು. ಸೀಟಿ ಮಾತ್ರ ಇತ್ತು. ಅವರು ನೋಡಿದರು. "ಕುಡೀರಿ" ಎಂದರು.

ಕುಡಿದೆ.

ನನ್ನ ಇಷ್ಟಲಿಂಗವನ್ನು ಕಾಲೇಜು ಸೇರಿದ ವರ್ಷ ತೆಗೆದಿಟ್ಟದ್ದು. ಹುಮನಾಬಾದಿನ ಮನೆಯಲ್ಲಿ, ಅವ್ವನ ಅಲಮಾರಿಯಲ್ಲಿ, ಇಪ್ಪತ್ತಾರು ವರ್ಷ. ಅವಳು ಒಂದು ಸಲವೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಎಂಟಾಗಿಲ್ಲ ಇನ್ನೂ, ಅವಳು ಎದ್ದೇ ಇರುತ್ತಾಳೆ. ಫೋನ್ ಮಾಡಿ, ಅದು ಯಾವ ಖಾನೆಯಲ್ಲಿದೆ ಎಂದು ಕೇಳುತ್ತೇನೆ.